ವಿಭೂತಿ ನಿಲ್ಲದ ಡಬ್ಬಿ

ಲೋಹಕ್ಕೆ ನೀರು ಅಂಟದಂಥ ಸೆರಾಮಿಕ್ ಲೇಪನ ತಯಾರಿಸುವುದು ನನ್ನ ಕೆಲಸ. ಪಂಪ್‌ಶೆಡ್ಡಿನ ತೇವಕ್ಕೆ ಅದು ತಡೆಯುತ್ತದೋ ಇಲ್ಲವೋ ನೋಡಲು, ಪಂಚನಹಳ್ಳಿಯ ಗೌರಮ್ಮನವರ ತೋಟದ ಪಂಪ್ ಮೋಟಾರಿನ ಸ್ಟಾರ್ಟರ್ ಡಬ್ಬಿಯ ತುಕ್ಕು ಉಜ್ಜಿ ಲೇಪನ ಬಳಿದು ಬಂದಿದ್ದೆ.

ಆಯುಧಪೂಜೆಯ ದಿನ ಮತ್ತೆ ಹೋದೆ. ಅವರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಡಬ್ಬಿಗೆ ಎಳೆಯುತ್ತಿದ್ದರು. ಎಳೆದದ್ದೆಲ್ಲ ಹನಿಹನಿಯಾಗಿ ಜಾರುತ್ತಿತ್ತು.

“ನೋಡಿದ್ರಾ ಅಮ್ಮಾ, ಒಂದು ಹನಿನೂ ನಿಲ್ಲಲ್ಲ!” ಎಂದು ಬೀಗಿದೆ.

“ನಮ್ಮೆಜಮಾನ್ರು ಎಳೆದಿದ್ದ ಗೆರೆ ಮಾಸಿದ್ರೂ ಕಾಣ್ತಿತ್ತು ಕಣಪ್ಪಾ. ಅವರು ಹೋದ್ಮೇಲೆ ವರ್ಷವರ್ಷ ಅದರ ಮೇಲೇ ಬೆರಳಿಡ್ತಿದ್ದೆ.”

“ಲೇಪನ ಕೆರೆದು ತೆಗೀಲಾ?”

“ಬ್ಯಾಡ. ತುಕ್ಕಿನ ಜೊತೆ ಗೆರೆನೂ ಉಜ್ಜಿದ್ಯಲ್ಲ, ಇನ್ನೇನೈತೆ ಅದರಡಿ?”

ಈಗ ಯಾರ ಡಬ್ಬಿ ಉಜ್ಜುವ ಮೊದಲೂ, “ಇದರ ಮೇಲೆ ಯಾರದಾದ್ರೂ ಬೆರಳಿನ ಗುರುತು ಇದೆಯಾ?” ಎಂದು ಕೇಳುತ್ತೇನೆ. ಪೊಲೀಸ್ ಕಡೆಯವನೇನೋ ಎಂದು ಜನ ಗಾಬರಿಯಾಗುತ್ತಾರೆ.