ಆ ಮನೆಯಲ್ಲಿ ಮೊದಲೇ ಒಬ್ಬಳು ಲಕ್ಷ್ಮಿ ಇದ್ದಳು

ಹೆರಿಗೆಯಾದ ಆರನೇ ದಿನ, ಕೂಸನ್ನು ನೋಡಲು ಅವಳ ಮನೆಗೆ ಹೋದಾಗ, ಮಗಳು ಕೇಳಿದಳು: "ಅಪ್ಪಾ, ಅಜ್ಜಿ ತವರುಮನೆ ಹೆಸರು ಸೇವಂತಿ ಅಂತ ಹೇಳಿದ್ಯಲ್ಲ, ನಕ್ಕಿ ಹೌದಾ?"

"ನಕ್ಕಿ" ಎಂದೆ. ಖಚಿತವಾಗಿ ಗೊತ್ತಿರುವವನ ಧ್ವನಿಯಲ್ಲೇ ಹೇಳಿದೆ.

ನಮ್ಮ ಕಡೆಯ ಹಲವು ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಗುತ್ತಿತ್ತು. ಹರಿವಾಣದಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಿದ್ದ. ಅಲ್ಲಿಂದ ಮುಂದೆ ಅದೇ ಅವಳ ಹೆಸರು. ಅಮ್ಮ ಹಾಗೆ ಬಂದ ಹೆಸರಿನಲ್ಲೇ ಚೆಂಡಿಯಾ ಊರಿನ ಮನೆಯಲ್ಲಿ ಬಾಳಿದಳು. ನೌಕಾನೆಲೆಗೆ ಜಾಗ ಹೋಗಿ ಬೇರೆ ಕಡೆ ಮನೆ ಕಟ್ಟಿಕೊಂಡಾಗ ಕಾಗದಗಳಲ್ಲಿ ಇದ್ದದ್ದು ಅದೇ ಹೆಸರು. ಮೂರು ವರ್ಷದ ಹಿಂದೆ ತೀರಿಕೊಂಡಾಗಲೂ ಅದೇ. ನನ್ನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅಜ್ಜಿ ಕಳೆದುಕೊಂಡ ಹೆಸರನ್ನು ತನ್ನ ಕೂಸಿಗೆ ಇಡಬೇಕೆಂಬುದು ಮಗಳ ಹಟ. ಅಳಿಯ ಫೋನಿನಲ್ಲಿ ಹುಡುಕಿ ಕೊಟ್ಟ ಹೆಸರುಗಳನ್ನೆಲ್ಲ ತಳ್ಳಿಹಾಕಿದ್ದಳು. ಹನ್ನೆರಡನೇ ದಿನ ಬಾರಸೆ. ಅಂದು ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಬೇಕು.

ಮನೆಗೆ ಬಂದು ಹಳೆಯ ದಿನಚರಿಗಳನ್ನು ತೆಗೆದೆ. ಕಾಲೇಜಿನ ವರ್ಷಗಳ ಒಂದು ಪುಟದಲ್ಲಿ ನನ್ನದೇ ಅಕ್ಷರ: "ಅಮ್ಮನ ಮೊದಲ ಹೆಸರು ಸೇವಂತಿ." ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಬರೆದಿಲ್ಲ. ಕಣ್ಣಿಗೆ ಕಟ್ಟಿದ ಚಿತ್ರ ಒಂದಿದೆ: ಅಮ್ಮ ಒಗೆಯುವ ಕಲ್ಲಿನ ಬಳಿ ಬಟ್ಟೆ ಹಿಂಡುತ್ತ "ಸೇವಂತಿ" ಎನ್ನುತ್ತಾಳೆ, ಆಮೇಲೆ ಮಾತು ನಿಲ್ಲಿಸುತ್ತಾಳೆ. ಆದರೆ ಆಗ ನಾನು ಏನು ಕೇಳಿದ್ದೆ? ನೆನಪಿರುವುದು ಉತ್ತರ ಮಾತ್ರ, ಪ್ರಶ್ನೆ ನೆನಪಿಲ್ಲ. ಒಂದು ಮಗು ಬದುಕಿಡೀ ಹೊರಬೇಕಾದ ಹೆಸರನ್ನು ಇಂಥ ಆಧಾರದ ಮೇಲೆ "ನಕ್ಕಿ" ಅಂದುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಅಗಸೂರಿಗೆ ಹೋದೆ. ಅಮ್ಮನ ಒಡಹುಟ್ಟಿದವರಲ್ಲಿ ಉಳಿದಿರುವುದು ಚಿಕ್ಕಮ್ಮ ಒಬ್ಬಳೇ. ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದಳು.

"ಎಂತ ತಮಾ, ಫೋನೂ ಮಾಡ್ದೇ ಬಂದ್ಯಲ್ಲ? ಕೂಸು ಹುಶಾರಿತ್ತಾ?"

"ಹುಶಾರಿದೆ. ಅಮ್ಮನ ತವರಿನ ಹೆಸರು ಸೇವಂತಿ ಅಲ್ವಾ? ಅದನ್ನೇ ಕೇಳಿ ಹೋಗ್ವಾ ಅಂತ ಬಂದೆ."

ಚಿಕ್ಕಮ್ಮ ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ಸೇವಂತಿ ನಮ್ಮನೆ ಆಕಳು ಮಾರಾಯ! ಮೊಮ್ಮಗಳಿಗೆ ಆಕಳ ಹೆಸರು ಇಡೂಕೆ ಹೊರಟ್ಯಾ? ಅಷ್ಟೆಲ್ಲ ಓದಿದ್ದು ಇದ್ಕೇಯಾ?" ನಗು ಇಳಿದ ಮೇಲೆ ಹೇಳಿದಳು: "ಅಕ್ಕನೇ ಸಾಕಿದ್ದು ಅದ್ನ. ಅಕ್ಕ ಗಂಡನ ಮನೆಗೆ ಹೋದ್ಮೇಲೆ ಎರಡು ದಿನ ಹುಲ್ಲು ಮುಟ್ಲಿಲ್ಲ."

"ಹಂಗಾರೆ ಅಮ್ಮನ ಹೆಸರು?"

"ಲಕ್ಷ್ಮಿ. ಮತ್ತೆಂತ?"

ಲಕ್ಷ್ಮಿ! ಯಾವುದೋ ಅಪರೂಪದ ಹೆಸರನ್ನು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಊರಿಗೆ ಹತ್ತು ಇರುವ ಹೆಸರು. ಹೆಣ್ಣು ಹುಟ್ಟಿದರೆ ಲಕ್ಷ್ಮಿ ಬಂದಳು ಅನ್ನುತ್ತೇವೆ. ಸೊಸೆ ಹೊಸಿಲು ದಾಟಿದರೂ ಅದೇ ಮಾತು. ಹಾಗಿರುವಾಗ ಲಕ್ಷ್ಮಿಯಾಗಿಯೇ ಬಂದವಳ ಹೆಸರನ್ನು ಬದಲಿಸಿದ್ದೇಕೆ?

"ಆ ಮನೇಲಿ ಮೊದ್ಲೇ ಒಂದು ಲಕ್ಷ್ಮಿ ಇತ್ತಲ್ಲ, ನಿನ್ನ ದೊಡ್ಡಮ್ಮ. ಅಲ್ಲಿ ಹಿರಿ ಸೊಸೆಗೆ ಲಕ್ಷ್ಮಿ ಅಂತಲೇ ಇಡೂದು. ಒಂದೇ ಮನೇಲಿ ಎರಡು ಹೆಂಗೆ? ಕರದ್ರೆ ಇಬ್ರೂ ಓಡಿ ಬರ್ತ್ರು ಅಂತ ಹೇಳ್ತು ನಿನ್ನ ಅಪ್ಪನ ಅಮ್ಮ." ಚಿಕ್ಕಮ್ಮ ಸಿಪ್ಪೆಗಳನ್ನು ಮಗುಚುತ್ತಲೇ ಇದ್ದಳು. "ಅಕ್ಕಂಗೆ ಓದೂಕೆ ಬರ್ತಿರ್ಲಿಲ್ಲ. ನಾ ಆಗ ಎರಡನೇತ್ತೆ ಓದ್ತಿದ್ದೆ, ಮದ್ವೇಲಿ ಪಕ್ಕದಲ್ಲೇ ಕೂತಿದ್ದೆ. ಅಕ್ಕಿ ಮೇಲೆ ಬರದಾಯ್ತು. ‘ಎಂತ ಬರದ್ರೇ?’ ಅಂತ ನನ್ನ ಕಿವೀಲಿ ಕೇಳ್ತು. ನಾ ಒಂದೊಂದೇ ಅಕ್ಷರ ಕೂಡ್ಸಿ ಓದಿ ಹೇಳ್ದೆ. ಎಲ್ರೂ ಜಾಣೆ ಅಂದ್ರು."

ಹಿಂದಿರುಗುವ ಬಸ್ಸಿನಲ್ಲಿ ಆ ಹೆಸರೇ ಕೊರೆಯುತ್ತಿತ್ತು. ನಮ್ಮ ಕಡೆ ಲಕ್ಷ್ಮಿಯರು ಇಷ್ಟೊಂದು ಇರುವುದು ಹೆತ್ತವರು ಆ ಹೆಸರನ್ನು ಇಷ್ಟಪಟ್ಟಿದ್ದರಿಂದ ಎಂದುಕೊಂಡಿದ್ದೆ. ಅವರಲ್ಲಿ ಎಷ್ಟು ಮಂದಿ ತೊಟ್ಟಿಲಲ್ಲಿ ಲಕ್ಷ್ಮಿಯಾದವರು, ಎಷ್ಟು ಮಂದಿ ಹರಿವಾಣದಲ್ಲಿ ಆದವರು? ದೊಡ್ಡಮ್ಮನೂ ಹರಿವಾಣದಲ್ಲೇ ಆದವಳು. ಅವಳ ತವರಿನ ಹೆಸರು ಏನಿತ್ತೆಂದು ನಾವು ಯಾರೂ ಕೇಳಲಿಲ್ಲ. ಈಗ ಹೇಳುವವರೂ ಇಲ್ಲ.

ಅಂಕೋಲೆ ದಾಟುವ ಹೊತ್ತಿಗೆ ಇನ್ನೊಂದು ನೆನಪು ಬಂತು. ಅಜ್ಜಿ ಹಿತ್ತಲಿನಿಂದ "ಲಕ್ಷ್ಮೀ" ಎಂದು ದೊಡ್ಡಮ್ಮನನ್ನು ಕೂಗುತ್ತಾಳೆ. ಒಲೆಯ ಮುಂದೆ ಕೂತ ಅಮ್ಮ ತಲೆ ಎತ್ತುತ್ತಾಳೆ. ಕಣ್ಣೆದುರೇ ನಡೆದಷ್ಟು ಸ್ಪಷ್ಟವಾಗಿತ್ತು. ಆದರೆ ಇಷ್ಟು ವರ್ಷ ಇಲ್ಲದ್ದು ಇವತ್ತೇ ಎಲ್ಲಿಂದ ಬಂತು? ಇದು ಬಸ್ಸಿನಲ್ಲಿ ಹುಟ್ಟಿದ ನೆನಪು ಇರಬೇಕು. ಇದನ್ನು ನಾನು ಮಗಳಿಗೆ ಹೇಳಿಲ್ಲ.

ಉಳಿದದ್ದನ್ನೆಲ್ಲ ಹೇಳಿದೆ. ಅವಳು ಕಾರವಾರದ ಒಂದು ದವಾಖಾನೆಯಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸದಲ್ಲಿದ್ದಾಳೆ.

"ಲಕ್ಷ್ಮಿನಾ?" ಮುಖ ಸಪ್ಪಗಾಯಿತು. "ಅಪ್ಪಾ, ನಮ್ಮ ಕೌಂಟರಿಗೆ ದಿನಾ ಮೂರ್ನಾಲ್ಕು ಲಕ್ಷ್ಮಿ ಬರ್ತಾರೆ. ಬಿಣಗಾ ಲಕ್ಷ್ಮಿ, ಅಂಕೋಲೆ ಲಕ್ಷ್ಮಿ ಅಂತ ಊರು ಸೇರ್ಸಿ ಕೂಗಬೇಕು. ಎಲ್ಲಾ ಅರವತ್ತು ದಾಟಿದವರೇ. ಈಗ ಯಾರು ಇಡ್ತಾರೆ ಇದನ್ನ?"

ಇಡಲೇಬೇಕೆಂದೇನಿಲ್ಲ ಎಂದೆ. ತಪ್ಪು ನನ್ನದು, ಸೇವಂತಿ ಎಂದು ಅವಳಿಗೆ ಆಸೆ ಹುಟ್ಟಿಸಿದವನು ನಾನು. ಅವಳು ಕೂಸಿನ ಮುಷ್ಟಿ ಬಿಡಿಸಿ ಬೆರಳುಗಳನ್ನು ಒಂದೊಂದಾಗಿ ಸವರಿದಳು. "ಅಕ್ಕಿ ಮೇಲಿದ್ದದ್ದು ಅಜ್ಜಿಗೆ ಓದೂಕೂ ಬರ್ಲಿಲ್ವಾ?" ಎಂದು ಕೇಳಿದಳು. ಆಮೇಲೆ ಹೇಳಿದಳು:

"ಈ ಮನೇಲಿ ಬೇರೆ ಲಕ್ಷ್ಮಿ ಯಾರೂ ಇಲ್ವಲ್ಲ ಅಪ್ಪಾ."

ಬಾರಸೆಯ ದಿನ ಚಿಕ್ಕಮ್ಮನನ್ನು ಕಾರಿನಲ್ಲಿ ಕರೆತಂದೆವು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಕೂಸಿನ ಸೋದರತ್ತೆ. ಮಗಳು ಮೊದಲೇ ಮಾತಾಡಿಕೊಂಡಿದ್ದಳೇನೋ, ಆ ಹುಡುಗಿ ತಾನೇ ಹಿಂದೆ ಸರಿದು "ಅಜ್ಜಿ, ನೀವು ಹೇಳಿ" ಎಂದಳು.

"ಅಯ್ಯೋ, ಗಂಡ ಇಲ್ದವ್ಳು ನಾನು, ನಾ ಹೇಳೂದಾ?" ಎಂದು ಚಿಕ್ಕಮ್ಮ ಬಾಗಿಲ ಕಡೆ ತಿರುಗಿದಳು. ಮಗಳು ಕೈ ಹಿಡಿದು ತೊಟ್ಟಿಲ ಬಳಿ ಕೂರಿಸಿದಳು.

ಚಿಕ್ಕಮ್ಮ ಬಗ್ಗಿ, ಅಂಗೈ ಅಡ್ಡ ಹಿಡಿದು, ಕೂಸಿನ ಕಿವಿಗೆ ಬಾಯಿಟ್ಟಳು. ಲಕ್ಷ್ಮಿ ಅನ್ನಲು ಅಷ್ಟು ಹೊತ್ತು ಬೇಕಿರಲಿಲ್ಲ. ಬೇರೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ, ನಾನೂ ವಿಚಾರಿಸಲಿಲ್ಲ. ಅಂದಿನ ದಿನಚರಿಯಲ್ಲಿ ಹೆಸರನ್ನು ಬರೆದೆ. ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಬರೆದೆ.