ಸೆರಗಿನಡಿಯ ಪೆನ್ಸಿಲ್

ಅಕ್ಕನ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದರೆ ಅದರ ತುದಿ ಸೆರಗನ್ನು ಗುಡಾರದ ಕೋಲಿನಂತೆ ಎತ್ತಿ ಹಿಡಿಯುತ್ತಿತ್ತು. ಹಣೆಗೆ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗ, ಕಿವಿಯಲ್ಲಿ ಪೆನ್ಸಿಲ್. ಓಣಿಯ ಮಂದಿ ನಗುತ್ತಿದ್ದರು. "ನಗ್ಲಿ ಬಿಡ್ರಿ, ಹಲ್ಲು ಅವರವು" ಎಂದು ಅಕ್ಕ ನಡೆದುಬಿಡುತ್ತಿದ್ದರು.

ಅವರು ನನ್ನ ಒಡಹುಟ್ಟಿದವರಲ್ಲ, ಬಳಗವೂ ಅಲ್ಲ. ನನಗೆ ಕೆಲಸ ಕೊಟ್ಟವರು. ಪುಣೆಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಕಲಿತು, ಗಂಡ ತೀರಿಕೊಂಡ ಮೇಲೆ ಆಳಂದದ ತವರಿಗೆ ಮರಳಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳವು. ತವರುಮನೆಯ ಪಡಸಾಲೆಯಲ್ಲೇ ಸಾಫ್ಟ್‌ವೇರ್ ಕಂಪನಿ ತೆರೆದರು. ನೌಕರರು ಇಬ್ಬರೇ: ಅಫಜಲಪುರದಲ್ಲಿ ಒಬ್ಬಾಕೆ, ಜೇವರ್ಗಿಯಲ್ಲಿ ನಾನು. ಇಬ್ಬರೂ ದುಡಿಯಲು ದಿನಾ ಮನೆ ಬಿಟ್ಟು ಹೋಗಲಾಗದವರು. ಅದಕ್ಕೆ ಕಂಪನಿಯೇ ನಮ್ಮ ಮನೆಗೆ ಬಂತು.

ಮದುವೆಗೆ ಮುಂಚೆ ನಾನು ಪಿಯುಸಿಯಲ್ಲಿ ಗಣಿತ ಓದಿದ್ದೆನೆಂದು ಯಾರೋ ಹೇಳಿದ್ದೇ ಸಾಕಾಯಿತು. ಅಕ್ಕ ಹಳೆಯ ಕಂಪ್ಯೂಟರೊಂದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, ನಮ್ಮ ಅಡುಗೆಮನೆಯ ಮಗ್ಗುಲಿನ ಕೋಣೆಯಲ್ಲಿ ಇಳಿಸಿದರು. ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು ಕೇಳಿದರು, "ಇದು ಏನು ತಿಂತದ?"

"ಕರೆಂಟ್ ತಿಂತದ್ರಿ. ಅದೂ ಸಿಕ್ಕಾಗಷ್ಟ."

ಆಮೇಲೆ ಅಕ್ಕ ನನ್ನ ಕಡೆ ತಿರುಗಿ ಮೊದಲ ಪಾಠ ಹೇಳಿದರು: "ನೋಡು ತಂಗಿ, ಇದು ಹೊಸಾ ಸೊಸಿ ಇದ್ದಂಗ. ಹೇಳಿದಷ್ಟು ಮಾಡ್ತದ, ಹೇಳಲಾರದ್ದು ಮಾಡಂಗಿಲ್ಲ. ರೊಟ್ಟಿ ಬಡಿ ಅಂದ್ರ ಸಾಲಂಗಿಲ್ಲ, ಹಿಟ್ಟು ಎಲ್ಲೆದ ಅಂತನೂ ಹೇಳಬೇಕು."

"ಹೇಳಿದಷ್ಟಾದ್ರೂ ಮಾಡ್ತದಲಾ," ಎಂದರು ಅತ್ತೆ, "ನನ್ನ ಸೊಸಿಗಿಂತ ಛಲೋ ಅದ ಬಿಡ್ರಿ."

ಕರೆಂಟ್ ಹಗಲಿನಲ್ಲಿ ಮೂರು ನಾಲ್ಕು ತಾಸು ಬಂದರೆ ನಮ್ಮ ಪುಣ್ಯ. ಅದಕ್ಕೇ ಅಕ್ಕನದೊಂದು ಕಟ್ಟುನಿಟ್ಟು: ಪ್ರೋಗ್ರಾಂ ಮೊದಲು ಪೆನ್ಸಿಲ್‌ನಿಂದ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಕರೆಂಟ್ ಬಂದಾಗ ಕಂಪ್ಯೂಟರಿಗೆ ಇಳಿಸಬೇಕು. ಬೆಳಗಿನ ಲಿಂಗಪೂಜೆ ಮುಗಿಸಿ, ಒಲೆಯ ಮೇಲೆ ಬೇಳೆ ಇಟ್ಟು, ನಾನು ಬರೆಯಲು ಕೂಡುತ್ತಿದ್ದೆ. ಆ ಯಂತ್ರದ ಹೊಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ, ಮಾಡಿದ್ದೆಲ್ಲ ಫ್ಲಾಪಿಯಲ್ಲೇ. ಆ ಫ್ಲಾಪಿ ಸ್ಟೀಲ್ ಡಬ್ಬಿಯಲ್ಲಿ ಕೂತು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆಳಂದಕ್ಕೆ ಹೋಗುತ್ತಿತ್ತು. ಬರಿ ಡಬ್ಬಿ ತಿರುಗಿ ಕಳಿಸಬಾರದೆಂದು ಅಕ್ಕ ಅದರಲ್ಲಿ ಶೇಂಗಾ ಹೋಳಿಗೆ ಇಟ್ಟು ಕಳಿಸುತ್ತಿದ್ದರು. ಸಂಬಳ ತಡವಾದ ತಿಂಗಳುಂಟು, ಡಬ್ಬಿ ಬರಿದಾಗಿ ಬಂದದ್ದಿಲ್ಲ.

ಸೋಲಾಪುರದ ಔಷಧ ವ್ಯಾಪಾರಿಯೊಬ್ಬರು ನಮಗೆ ದೊಡ್ಡ ಕೆಲಸ ಕೊಟ್ಟಿದ್ದರು. ಯಾವ ಔಷಧ ಯಾವ ಕಪಾಟಿನಲ್ಲಿದೆ, ಯಾವುದರ ಅವಧಿ ಮುಗಿಯುತ್ತ ಬಂದಿದೆ ಎಂದು ಹೇಳುವ ಪ್ರೋಗ್ರಾಂ. ಅದನ್ನು ಬರೆದವಳು ನಾನು. ದಸರೆಯ ಮರುದಿನ ಅವರು ಆಳಂದಕ್ಕೆ ಬಂದು ನೋಡುವವರಿದ್ದರು. ಫ್ಲಾಪಿ, ನೋಟ್‌ಬುಕ್ಕು ತೆಗೆದುಕೊಂಡು ನೀನೇ ಬಾ ಎಂದು ಅಕ್ಕ ಹೇಳಿಕಳಿಸಿದ್ದರು.

ಅದಕ್ಕೂ ಮುಂಚೆ ಖಂಡೇ ಪೂಜೆ ಬಂತು. ಅಂದು ನಮ್ಮಲ್ಲಿ ಕುಡಗೋಲಿನಿಂದ ತಕ್ಕಡಿಯವರೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ನನಗೆ ಅನ್ನ ಕೊಡುವುದು ಫ್ಲಾಪಿ. ಆಗಿನ ಫ್ಲಾಪಿ ಅಂಗೈಗಿಂತ ಅಗಲವಾದ ಕರಿ ಹಾಳೆಯಂಥದ್ದು. ನಡುವೆ ಉದ್ದನೆಯ ಸೀಳು, ಆ ಸೀಳಿನಲ್ಲಿ ಒಳಗಿನ ತಟ್ಟೆ ಕಾಣುತ್ತಿತ್ತು; ಯಂತ್ರ ಓದುವುದು ಅಲ್ಲಿಂದಲೇ. ವಿಭೂತಿಯನ್ನು ನೀರಲ್ಲಿ ತೇಯ್ದು ಪ್ರೋಗ್ರಾಂ ಇದ್ದದ್ದು, ಅದರ ನಕಲು ಇದ್ದದ್ದು, ಎರಡೂ ಫ್ಲಾಪಿಗಳಿಗೆ ಮೂರು ಮೂರು ಎಳೆ ಎಳೆದೆ. ಸರಿಯಾಗಿ ಸೀಳಿನ ಮೇಲೆ.

ಆಳಂದದ ಪಡಸಾಲೆಯಲ್ಲಿ ವ್ಯಾಪಾರಿಯ ಎದುರೇ ಅಕ್ಕ ಡಬ್ಬಿ ತೆರೆದರು. ಬಿಳಿ ಎಳೆಗಳನ್ನು ನೋಡಿದರು. ಸೆರಗಿನಿಂದ ಒರೆಸಿ ಒಂದು ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿದರು. ಯಂತ್ರ ಗರಗರ ಅಂದಿತೇ ಹೊರತು ಏನೂ ಓದಲಿಲ್ಲ. ಎರಡನೆಯದೂ ಅಷ್ಟೇ.

ವ್ಯಾಪಾರಿ ಎದ್ದು ನಿಂತರು. "ಅಕ್ಕಾರ, ಇದೇನು ತಮಾಷಾ ಹಚ್ಚೀರಿ? ಒಲಿ ಮುಂದ ಕುಂಡ್ರೋರ ಕೈಯಾಗ ಕಂಪ್ಯೂಟರ್ ಕೊಟ್ಟೀರಿ! ಮೊದಲ ಈ ಹೆಣ್ಣಮಗಳನ್ನ ತೆಗೀರಿ. ಇಲ್ಲಾಂದ್ರ ನಾ ಪುಣೆದವರ ಕಡೆ ಹೋಗ್ತೇನಿ."

ಆ ಕೆಲಸ ಹೋದರೆ ಕಂಪನಿ ಮುಚ್ಚಿದಂತೆಯೇ ಎಂದು ನನಗೆ ಗೊತ್ತಿತ್ತು. ನಾನೇ ಬಿಟ್ಟುಬಿಡುತ್ತೇನೆ ಎನ್ನಲು ಬಾಯಿ ತೆರೆದೆ. ಅಕ್ಕ ಕಿವಿಯ ಪೆನ್ಸಿಲ್ ತೆಗೆದು ಮೇಜಿನ ಮೇಲೆ ಟಕ್ಕನೆ ಇಟ್ಟರು.

"ಪೂಜಾ ಮಾಡಿದ್ದು ಗುನ್ಹೇನ್ರಿ? ನೀವು ಮೊನ್ನಿ ನಿಮ್ಮ ತಕ್ಕಡಿಗೆ ಮಾಡಿಲ್ಲೇನು? ಜಾಗಾ ತಪ್ಪ್ಯದ, ಬುದ್ಧಿ ತಪ್ಪಿಲ್ಲ. ನಾಡದು ಸಂಜಿಕ ಬರ್ರಿ. ಬರದಾಕೀನ ಮತ್ತ ಬರೀತಾಳ. ಆಕಿ ಇದ್ರ ಕೆಲಸ, ಇಲ್ಲಾಂದ್ರ ನಿಮ್ಮ ಹಾದಿ ನಿಮಗ."

ಅವರು ಗೊಣಗುತ್ತ ಹೋದರು. ನಾನು ಅಳತೊಡಗಿದೆ.

"ಅಳಬ್ಯಾಡ ಬೇ, ಕೀಲಿಮಣಿ ಮ್ಯಾಲ ನೀರು ಬಿದ್ರ ಅದೂ ಹೋಗ್ತದ," ಎಂದರು ಅಕ್ಕ. "ನೋಟ್‌ಬುಕ್ ತೆಗಿ."

ಎರಡು ದಿನ ಅವರು ನೋಟ್‌ಬುಕ್ಕಿನ ಸಾಲು ಸಾಲು ಓದಿ ಹೇಳಿದರು, ನಾನು ಕೀಲಿಮಣೆ ಬಡಿದೆ. ಕರೆಂಟ್ ಹೋದಾಗ ಅವರು ರೊಟ್ಟಿ ಬಡಿದರು, ನಾನು ತಿಂದೆ. ಒಮ್ಮೆಯೂ ಹಂಗಿಸಲಿಲ್ಲ. ಕರೆಂಟಿಲ್ಲವೆಂದು ದಿನಾ ಗೋಳಾಡುತ್ತಿದ್ದ ನನಗೆ ಅಂದು ತಿಳಿಯಿತು: ಕರೆಂಟ್ ಇದ್ದಿದ್ದರೆ ನೋಟ್‌ಬುಕ್ಕೇ ಇರುತ್ತಿರಲಿಲ್ಲ. ಶಿವ ಕೊಡದೆಯೂ ಕೊಡುತ್ತಾನೆ.

ವ್ಯಾಪಾರಿ ಹೇಳಿದ ವೇಳೆಗೆ ಬಂದರು. ಒಂದು ಔಷಧದ ಹೆಸರು ಹೇಳಿದರು. ಪರದೆಯ ಮೇಲೆ ಹಳೆಯ ಸರಕು ಮೊದಲು, ಹೊಸದು ಕೆಳಗೆ ಬಂತು.

"ಹಳೇ ಮಾಲು ಮೊದಲ ತೋರಸೋದು ಯಾರ ತಲಿ?" ಎಂದರು.

"ಒಲಿ ಮುಂದ ಕುಂಡ್ರೋರದು," ಎಂದರು ಅಕ್ಕ. "ಮನ್ಯಾಗ ಹಳೇ ಜ್ವಾಳ ಇಟ್ಟು ಹೊಸಾದು ಯಾರೂ ಬೀಸಂಗಿಲ್ರಿ."

ವ್ಯಾಪಾರಿ ಮತ್ತೆ ಪುಣೆಯ ಮಾತೆತ್ತಲಿಲ್ಲ. ಅಂದಿನಿಂದ ಕಂಪನಿಗೆ ಒಂದು ನಿಯಮ ಹೆಚ್ಚಾಯಿತು. ಖಂಡೇ ಪೂಜೆಗೆ ಮುಂಚೆ ಡಬ್ಬಿಯಲ್ಲಿ ಅಕ್ಕನ ಚೀಟಿ ಬರುತ್ತಿತ್ತು: "ಪೂಜಾ ಡಬ್ಬಿಗೆ ಮಾಡ್ರಿ. ಫ್ಲಾಪಿಗೆ ಕೈ ಮುಗದ್ರ ಸಾಕು."

ಆ ದಶಕ ಮುಗಿಯುವ ಮುಂಚೆಯೇ ಅಕ್ಕ ಲಿಂಗೈಕ್ಯರಾದರು. ಮೊದಲ ಬಸ್ಸಿಗೆ ಹೋದೆ. ಪಡಸಾಲೆಯಲ್ಲಿ, ಕಂಪ್ಯೂಟರ್ ಇಡುತ್ತಿದ್ದ ಗೋಡೆಗೇ ಒರಗಿಸಿ ಅಕ್ಕನನ್ನು ಕೂಡಿಸಿದ್ದರು. ವಿಭೂತಿ, ಹೂವಿನ ಹಾರ ಎಲ್ಲ ಇತ್ತು. ಸೆರಗು ಮಾತ್ರ ತಲೆಗೆ ಚಪ್ಪಟೆಯಾಗಿ ಅಂಟಿತ್ತು. ಅದು ಅಕ್ಕನ ಮುಖವೇ ಅಲ್ಲವೆನಿಸಿತು.

ನಾನು ಮುಂದೆ ಸರಿದೆ. ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ತಡೀರಿ ಯವ್ವಾ. ಬಳಗದವರು ಮುಂದ ಬರ್ಲಿ. ನೀವು ಯಾರ ಪೈಕಿ?"

ನಾನು ಹೊದ್ದ ಸೆರಗು ಸರಿಸಿ ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದೆ.

"ನಾ ಕಂಪನಿ ಪೈಕಿ," ಎಂದೆ, ಪಡಸಾಲೆಗೆಲ್ಲ ಕೇಳುವಂತೆ.

ಅವರ ಕೈ ತಾನಾಗಿ ಕೆಳಗಿಳಿಯಿತು. ಪೆನ್ಸಿಲ್ಲನ್ನು ಅಕ್ಕನ ಬಲಗಿವಿಗೆ ಸಿಕ್ಕಿಸಿ ಸೆರಗು ಎಳೆದೆ. ತುದಿ ಎದ್ದು ನಿಂತಿತು, ಗುಡಾರದ ಕೋಲಿನಂತೆ.