ಕಾಕಾಸಾಹೇಬರ ಆಗ್ರಹ

ಏಕಸಂಬಿಯ ಕಾಕಾಸಾಹೇಬ ಚೌಗಲೆ ನಮ್ಮ ಮಗ್ಗುಲ ಮನೆಯವರು. ಬೀಜ-ಗೊಬ್ಬರದ ಅಂಗಡಿ ಅವರ ಹೊಟ್ಟೆಪಾಡು, ಮಂದಿಯ ಮದುವೆ ಊಟ ಅವರ ಹುಚ್ಚು. ನಿಪ್ಪಾಣಿಯಿಂದ ಕಾಗವಾಡದವರೆಗೆ ಯಾವ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬಿದ್ದರೂ ಇವರು ಹಾಜರ್. ಉಂಡು, ಕೈ ತೊಳೆದು, ಮನೆಗೆ ಬಂದು, ಮೊಬೈಲಿನಲ್ಲಿ ಒಂದೇ ಬೆರಳಿಂದ ಕುಟ್ಟಿ ಆ ಊಟದ ವರದಿಯನ್ನು ತಮ್ಮ ಬ್ಲಾಗಿಗೆ ಏರಿಸುತ್ತಾರೆ. ಬ್ಲಾಗಿನ ಹೆಸರು 'ಪಂಕ್ತಿ'. ಉಣ್ಣಲು ಕರೆದವರ ಮಾನವನ್ನು ಹೀಗೆ ಜಗತ್ತಿಗೆಲ್ಲ ಹಂಚುವ ಹವ್ಯಾಸ ಬೇರೆ ಯಾರಿಗಾದರೂ ಇದ್ದಿದ್ದರೆ ಊರವರು ಹೊಡೆಯುತ್ತಿದ್ದರು. ಇವರನ್ನು ಮಾತ್ರ ಮತ್ತೆ ಮತ್ತೆ ಕರೆಯುತ್ತಾರೆ. ಕರೆಯದಿದ್ದರೆ ಅದನ್ನೂ ಬರೆದಾರು ಎಂಬ ಅಂಜಿಕೆ.

ಅಡುಗೆಗೆ ಇವರು ಮಾರ್ಕು ಕೊಡುವುದಿಲ್ಲ, ಅದು ಅಡುಗೆಯವನ ಕೆಲಸವಂತೆ. ಮಾರ್ಕೇನಿದ್ದರೂ ಆಗ್ರಹಕ್ಕೆ, ಹತ್ತಕ್ಕೆ ಇಷ್ಟು ಅಂತ. ಒಮ್ಮೆ ಚಿಕ್ಕೋಡಿಯ ಮದುವೆಯೊಂದರ ಬಗ್ಗೆ "ಊಟದಲ್ಲಿ ಆಗ್ರಹ ಜೋರಾಗಿತ್ತು" ಎಂದು ಬರೆದರು. ಮೈಸೂರು ಕಡೆಯ ಓದುಗರೊಬ್ಬರು ಗಾಬರಿಯಾಗಿ, "ಯಾರು ಯಾರ ಮೇಲೆ ಸಿಟ್ಟಾದರು? ಮದುವೆ ನಡೆಯಿತು ತಾನೇ?" ಎಂದು ಕೇಳಿದರು. ನಮ್ಮ ಕಡೆ ಆಗ್ರಹ ಅಂದರೆ ಸಿಟ್ಟೂ ಅಲ್ಲ, ಪೇಪರಿನವರು ಬರೆಯುವ ಬೇಡಿಕೆಯೂ ಅಲ್ಲ. ಅದು ಮರಾಠಿಯಿಂದ ಬಂದು ನಮ್ಮಲ್ಲಿ ಮನೆ ಮಾಡಿಕೊಂಡ ಮಾತು. ಉಣ್ಣುವವರು ಸಾಕು ಅಂದ ಮೇಲೂ, ಕೈ ಅಡ್ಡ ಹಿಡಿದ ಮೇಲೂ, ಮನೆಯವರು ಬಾಗಿ ನಿಂತು "ನನ್ನ ಸಲುವಾಗಿ ಇನ್ನೊಂದ" ಎಂದು ಬಡಿಸಿಯೇ ಬಿಡುವುದಕ್ಕೆ ಆಗ್ರಹ ಅನ್ನುತ್ತೇವೆ.

ನನ್ನ ಮಗನ ಮದುವೆಗೆ ಇವರು ಕೊಟ್ಟದ್ದು ನಾಲ್ಕೂವರೆ. "ಯಜಮಾನರು ಪಂಕ್ತಿಗೆ ಬಂದರು, ಆದರೆ ಫೋನಿನಲ್ಲಿ ಮಾತಾಡುತ್ತ ಬಂದರು" ಎಂದು ಬರೆದಿದ್ದಾರೆ. ಅದನ್ನು ನಾನು ಮರೆತಿಲ್ಲ. ಕಬ್ಬೂರಿನ ಜ್ಞಾನದೇವನಿಗಂತೂ ಸೊನ್ನೆ. ಅವನು ಮಗಳ ಮದುವೆಗೆ ಬಫೆ ಇಟ್ಟಿದ್ದ. ತಾಟು ಹಿಡಿದು ಸಾಲಿನಲ್ಲಿ ನಿಂತವರಿಗೆ ಆಗ್ರಹ ಮಾಡುವವರು ಯಾರು, ಎಂಬುದು ಕಾಕಾಸಾಹೇಬರ ಪ್ರಶ್ನೆ. ಬೀಗರು ಅದನ್ನು ಓದಿ ನಕ್ಕರಂತೆ. ಜ್ಞಾನದೇವ ಆ ಹಂಗಾಮಿನಲ್ಲಿ ಇವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಈ ಸಲ ಬ್ಲಾಗಿಗೆ ಐದು ವರ್ಷ ತುಂಬಿತು. ಇಷ್ಟು ವರ್ಷ ಯಾರ ಯಾರ ಊಟದ ಬಗ್ಗೆ ಬರೆದರೋ ಅವರನ್ನೆಲ್ಲ ಕರೆದು ಮನೆಯಲ್ಲಿ ಊಟ ಹಾಕುವುದೆಂದು ಕಾಕಾಸಾಹೇಬರು ಹೊರಟರು. ಜ್ಞಾನದೇವ ಅಂಗಡಿಗೇ ಬಂದ.

"ಬರ್ತೀನ್ರಿ. ಆದ್ರ ಆವತ್ತಿನ ಊಟದ ಬಗ್ಗೆ ನಾ ಬರಿಯಾಂವ. ನಿಮ್ಮ ಬ್ಲಾಗಿನ್ಯಾಗ, ನನ್ನ ಮಾರ್ಕು."

ಅಂಗಡಿ ತುಂಬ ಗಿರಾಕಿಗಳಿದ್ದರು. ಇಲ್ಲ ಅನ್ನಲು ಮಾನ ಅಡ್ಡ ಬಂತು. "ಬರೀಪಾ, ಒಂದ ಅಕ್ಷರ ತಿದ್ದೂದಿಲ್ಲ" ಎಂದುಬಿಟ್ಟರು. ಸಂಜೆ ನನ್ನ ಹತ್ತಿರ ಬಂದು ಕೂತಾಗ ಮುಖ ಸಣ್ಣದಾಗಿತ್ತು. "ಎಲ್ಲಾರ ಆಗ್ರಹ ತೂಗಿದಾಂವ ನಾ. ನನ್ನ ಮನ್ಯಾಗ ಸೊನ್ನಿ ಬಿತ್ತಂದ್ರ ಮತ್ತ ಯಾವ ಬಾಯಿಲೆ ಬರೀಲಿ? ಪಂಕ್ತಿ ಬಂದ್ ಮಾಡೂದ." ಅಷ್ಟು ಹೇಳಿದ್ದು ತಮಾಷೆಗಲ್ಲ. ಆ ಬ್ಲಾಗು ಹೋದರೆ ಅವರಿಗೆ ಉಳಿಯುವುದು ಯೂರಿಯಾ ಚೀಲ ಮಾತ್ರ.

"ಮನಿ ಊಟಂದ್ರ ಮನ್ಯಾಗ ಮಾಡಿದ್ದ ಇರಬೇಕು" ಎಂದು ಅಪ್ಪಣೆ ಮಾಡಿದವರು ಕಾಕಾಸಾಹೇಬರು, ಮಾಡಿದವರು ಅವರ ಹೆಂಡತಿ, ಓಣಿಗೆಲ್ಲ ಅತ್ತಿಗೆಯಾದ ಸುಗಂಧಾ ವೈನಿ. ನನ್ನ ಹೆಂಡತಿಯೂ ಓಣಿಯ ಹೆಂಗಸರೂ ಕೈ ಹಚ್ಚಿದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹೋಗುವಂತಿಲ್ಲ. ಅದಕ್ಕೇ ಮಧ್ಯಾಹ್ನ ಇಳಿಯುತ್ತಲೇ ಅಂಗಳದಲ್ಲಿ ಪಂಕ್ತಿ ಕೂತಿತು. ಕಾಕಾಸಾಹೇಬರು ಹೊಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಸುಂದಿಯ ಬಕೆಟ್ಟು ಹಿಡಿದು ಬಂದರು. ಮೊದಲು ಕೂತವನು ನಾನು.

"ಇನ್ನೊಂದ ಸೌಟ ಹಾಕ್ಲ್ಯಾ?"

"ಹಾಕ್ರಿ" ಎಂದೆ.

ಅವರು ಬೆಚ್ಚಿಬಿದ್ದರು. ನನ್ನ ಮಗ್ಗುಲಿನವನೂ "ಹಾಕ್ರಿ" ಅಂದ, ಅವನಾಚೆಯವನೂ ಅದನ್ನೇ ಅಂದ. ಇಡೀ ಪಂಕ್ತಿಯಲ್ಲಿ ಒಬ್ಬನ ಬಾಯಿಂದಲೂ ಸಾಕು ಎಂಬ ಮಾತು ಬರಲಿಲ್ಲ. ಇದು ಜ್ಞಾನದೇವನ ಕಿತಾಪತಿ, ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ. ಬೇಡ ಅನ್ನುವವರೇ ಇಲ್ಲದಿದ್ದರೆ ಆಗ್ರಹ ಮಾಡುವುದು ಯಾರಿಗೆ? ನನ್ನ ನಾಲ್ಕೂವರೆ ನೆನಪಿಟ್ಟುಕೊಂಡು ನಾನು ಮೂರನೇ ಬಟ್ಟಲನ್ನೂ ಹಿಡಿದೆ.

"ಒಮ್ಮೆರ ಬ್ಯಾಡ ಅನ್ರೆಪಾ" ಎಂದು ಕಾಕಾಸಾಹೇಬರು ಬೇಡಿಕೊಂಡರು.

"ಬ್ಯಾಡ ಅನ್ನಾಕ ಮನಸ ಬರವಲ್ದರಿ, ಬಾಸುಂದಿ ಅಷ್ಟ ಚಲೋ ಆಗೈತಿ" ಎಂದ ಜ್ಞಾನದೇವ, ಮೀಸೆ ಒರೆಸಿಕೊಳ್ಳುತ್ತ.

ಹೆಂಗಸರ ಪಂಕ್ತಿಗೂ ಸುದ್ದಿ ಮುಟ್ಟಿತ್ತು, ಅಲ್ಲಿಯೂ ಅದೇ ಕಥೆ. ಬಕೆಟ್ಟಿನ ತಳ ಕಂಡಿತು. ಕಾಕಾಸಾಹೇಬರ ಟೊಪ್ಪಿಗೆ ಬೆವರಿಗೆ ತೊಯ್ದು ಓರೆಯಾಗಿತ್ತು. ಜ್ಞಾನದೇವ ಕೈ ತೊಳೆದು ಬಂದು, ಕುರ್ಚಿಯಲ್ಲಿ ಕೂತು, ಮೊಬೈಲು ತೆಗೆದ.

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಹೊತ್ತ ಮುಣಗಾಕ ಬಂತು, ವೈನಿ ಇನ್ನೂ ಉಂಡಿಲ್ಲ."

ಮುಂಜಾನೆಯಿಂದ ಒಲೆಯ ಮುಂದಿದ್ದ ಸುಗಂಧಾ ವೈನಿಯನ್ನು ಹೆಂಗಸರು ಕೈ ಹಿಡಿದು ತಂದು ಪಡಸಾಲೆಯಲ್ಲಿ ಕೂರಿಸಿದರು. ತಾಟು ಬಂತು. ಕಾಕಾಸಾಹೇಬರೇ ಬಕೆಟ್ಟು ಓರೆ ಮಾಡಿ ಒಂದು ಸೌಟು ಬಾಸುಂದಿ ಹಾಕಿದರು. ವೈನಿ ರೂಢಿಯಂತೆ ಬಟ್ಟಲಿಗೆ ಕೈ ಅಡ್ಡ ತಂದರು.

"ಸಾಕ್ರಿ."

ದಿನವೆಲ್ಲ ಇವರು ಕೇಳಲು ಹಂಬಲಿಸಿದ ಮಾತು ಅದೊಂದೇ. ಕಾಕಾಸಾಹೇಬರು ಸೌಟನ್ನು ಬಕೆಟ್ಟಿಗೆ ಹಾಕಿ, ಬಕೆಟ್ಟು ಎತ್ತಿಕೊಂಡು ಹೊರಟೇಬಿಟ್ಟರು.

ಜ್ಞಾನದೇವ ಹೋ ಎಂದು ನಕ್ಕ, ಪಡಸಾಲೆಯೆಲ್ಲ ನಕ್ಕಿತು. ಕಾಕಾಸಾಹೇಬರಿಗೆ ಏನೂ ತಿಳಿಯಲಿಲ್ಲ. "ಯಾಕ? ಆಕಿ ಸಾಕಂದ್ಲಲ್ಲ" ಎಂದರು.

"ಲಗ್ನ ಆದಾಗಿಂದ ನಾ ಸಾಕಂದಾಗೆಲ್ಲ ನೀವು ಸಾಕಂತನ ತಿಳಕೊಂಡೀರಿ" ಎಂದರು ವೈನಿ. ದನಿ ಏರಿಸಲಿಲ್ಲ, ತಾಟಿನಿಂದ ಕಣ್ಣನ್ನೂ ಎತ್ತಲಿಲ್ಲ. "ಮಂದಿ ಮನ್ಯಾಗ ಅಷ್ಟ ನಿಮಗ ಇದು ತಿಳಿತೈತಿ."

ನಗು ನಿಂತುಹೋಯಿತು. ನನಗೆ ಕಾಕಾಸಾಹೇಬರ ಬಗ್ಗೆ ಕನಿಕರವಾಯಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನತ್ತಲೇ ನೋಡುತ್ತಿದ್ದಳಾದ್ದರಿಂದ ಆ ಕನಿಕರ ಹೆಚ್ಚು ಹೊತ್ತು ಉಳಿಯಲಿಲ್ಲ, ನನ್ನ ಚಿಂತೆ ನನಗಾಯಿತು.

ಕಾಕಾಸಾಹೇಬರು ಮೊಣಕಾಲು ನೋವಿನ ಮನುಷ್ಯ. ಗೋಡೆ ಹಿಡಿದು ನಿಧಾನವಾಗಿ ಹೆಂಡತಿಯ ಮುಂದೆ ನೆಲಕ್ಕೆ ಕೂತರು. ಬಕೆಟ್ಟಿನ ತಳ ಕೆರೆದು ಸೌಟು ತುಂಬಿಸಿದರು. ನೂರು ಮದುವೆಗಳಲ್ಲಿ ಕೇಳಿ ಬರೆದಿಟ್ಟ ಮಾತನ್ನು ಮೊದಲ ಸಲ ತಮ್ಮ ಬಾಯಿಂದ ಆಡಿದರು.

"ನನ್ನ ಸಲುವಾಗಿ... ಇನ್ನೊಂದ."

"ಬ್ಯಾಡ್ರಿ" ಎಂದು ವೈನಿ ಬಟ್ಟಲನ್ನು ಪೂರ್ತಿ ಮುಚ್ಚಿದರು. ಇವರು ಹೊಯ್ದೇಬಿಟ್ಟರು. ಬಾಸುಂದಿ ಬೆರಳ ಸಂದಿನಿಂದ ಇಳಿದು ಬಟ್ಟಲು ಸೇರಿತು. ಹೊರಗೆ ಹೊತ್ತು ಇನ್ನೂ ಮುಳುಗಿರಲಿಲ್ಲ, ಕಬ್ಬಿನ ಹೊಲದ ಮೇಲಿತ್ತು.

ಜ್ಞಾನದೇವ ಮೊಬೈಲು ಹಿಡಿದುಕೊಂಡು ಹತ್ತಿರ ಬಂದ. "ವೈನಿ, ನೀವ ಹೇಳ್ರಿ. ಎಷ್ಟ ಹಾಕ್ಲಿ?"

ಸುಗಂಧಾ ವೈನಿ ಬೆರಳು ಚೀಪಿಕೊಂಡು ಗಂಡನನ್ನು ನೋಡಿದರು.

"ಏನೂ ಹಾಕಬ್ಯಾಡ್ರಿ. ಈ ಮನ್ಯಾಗ ಆಗ್ರಹ ಇವತ್ತ ಸುರು ಆಗೈತಿ ಅಂತ ಬರೀರಿ. ಮಾರ್ಕು ಮುಂದಿನ ವರ್ಷ ನಾ ಹಾಕ್ತೀನಿ."